ನಂಜು ಎಲ್ಲಿಂದ ಬಂತು

ನನಗೆ ಸೋರಿಯಾಸಿಸ್ ಬಂದು ಹದಿನಾಲ್ಕು ವರ್ಷವಾಯಿತು. ಮೊಣಕೈ, ಮೊಣಕಾಲು, ಬೆನ್ನು ತುಂಬ ಕೆಂಪು ಕಲೆ. ಕೂತೆದ್ದ ಕುರ್ಚಿಯ ಮೇಲೆಲ್ಲ ಬಿಳಿ ಹೊಟ್ಟು. ಇದಕ್ಕೆ ಕಾರಣವನ್ನು ನಾನು ಮೊದಲ ತಿಂಗಳಲ್ಲೇ ಪತ್ತೆ ಹಚ್ಚಿದ್ದೆ: ನನ್ನ ಹೆಂಡತಿಯ ಅಡುಗೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಕಡಲೆಕಾಯಿ ನಂಜು, ತಿಂದರೆ ತುರಿಕೆ ಏಳುತ್ತದೆ ಎಂದು ನಮ್ಮ ಕೋಣನಕುಂಟೆಯಲ್ಲಿ ಹೇಳದವರೇ ಇಲ್ಲ.

ತುರಿಕೆ ಹೆಚ್ಚಾದ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ವಿಚಾರಣೆ ಶುರು ಮಾಡುತ್ತಿದ್ದೆ. "ನಿನ್ನೆ ಸಾರಿಗೆ ಏನೇನ್ ಹಾಕಿದ್ದೆ?" ಅವಳು ಒಂದೊಂದಾಗಿ ಹೇಳುತ್ತಿದ್ದಳು. ಅದರಲ್ಲಿ ನನಗೆ ಅನುಮಾನ ಬಂದದ್ದು, ಮಗಳಿಗೆ ಇಷ್ಟವಾದದ್ದೇ ಆದರೂ, ಮರುದಿನದಿಂದ ಮನೆಯೊಳಗೆ ಬರುವಂತಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಉಳಿದರ್ಧ ನನಗೆ ಬೇಕಿರಲಿಲ್ಲ. ಚರ್ಮದ ಡಾಕ್ಟರು ಕೊಟ್ಟ ಮುಲಾಮನ್ನು ನೆನಪಾದಾಗ ಹಚ್ಚಿಕೊಳ್ಳುತ್ತಿದ್ದೆ. ರೋಗದ ಬೇರು ಹೊಟ್ಟೆಯಲ್ಲಿರುವಾಗ ಮೇಲೆ ಸವರಿ ಏನು ಬಂತು?

ಈ ವರ್ಷ ಹೊಟ್ಟೆಯೂ ಕೆಟ್ಟಿತು. ನುಲಿತ, ಭೇದಿ, ತಿಂಗಳಾದರೂ ನಿಲ್ಲಲಿಲ್ಲ. ಜೆ.ಪಿ. ನಗರದ ಹೊಟ್ಟೆ ಡಾಕ್ಟರ ಹತ್ತಿರ ಹೋಗುವಾಗ ಹೆಂಡತಿಯನ್ನೂ ಬಲವಂತವಾಗಿ ಕರೆದುಕೊಂಡು ಹೋದೆ. ತಪ್ಪು ಅಡುಗೆಯದೇ ಎಂದು ಅವಳು ಡಾಕ್ಟರ ಬಾಯಿಂದ ಕೇಳಲಿ ಎಂಬ ಆಸೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಿಪೋರ್ಟ್ ನೋಡಿ, ಆಮೇಲೆ ನನ್ನ ಮೊಣಕೈ ನೋಡಿದರು.

"ಊಟದಿಂದಲೇ ಅಲ್ವಾ ಮೇಡಂ ಇದೆಲ್ಲ?" ಎಂದೆ.

"ಉಲ್ಟಾನೂ ಇರಬಹುದು ಸಾರ್. ಚರ್ಮದಲ್ಲಿ ಉರಿಯೂತ ಇದ್ರೆ ಅದು ಕರುಳಿನ ರೋಗನಿರೋಧಕ ಶಕ್ತಿನ ಏರುಪೇರು ಮಾಡಬಹುದು. ಇಲಿಗಳಲ್ಲಿ ಹಾಗೆ ಕಂಡಿದೆ. ಮನುಷ್ಯರಲ್ಲಿ ಇನ್ನೂ ಪೂರ್ತಿ ಗೊತ್ತಿಲ್ಲ. ನಿಮಗೆ ಇದರಿಂದಲೇ ಆಯ್ತು ಅಂತ ನಾನು ಹೇಳಕ್ಕಾಗಲ್ಲ. ಮುಲಾಮು ದಿನಾ ಹಚ್ತಿದೀರಾ?"

ನನಗೆ ತಲೆಬುಡ ತಿಳಿಯಲಿಲ್ಲ. ಹೊಟ್ಟೆಯಿಂದ ಚರ್ಮವೋ, ಚರ್ಮದಿಂದ ಹೊಟ್ಟೆಯೋ? ತಪ್ಪು ನನ್ನದೇ ಎಂದು ಡಾಕ್ಟರು ಹೇಳಿದ್ದರೆ ಹೇಗೋ ತಲೆ ತಗ್ಗಿಸುತ್ತಿದ್ದೆ. ಅವಳದು ಎಂದಿದ್ದರೆ ಮೀಸೆ ತಿರುವುತ್ತಿದ್ದೆ. ಇದು ಎರಡೂ ಅಲ್ಲ. ಮನೆಗೆ ಹೋಗುವ ಆಟೋದಲ್ಲಿ ಕೂತು ಅದನ್ನೇ ಹಿಂದುಮುಂದಾಗಿ ಯೋಚಿಸಿದೆ, ಇನ್ನಷ್ಟು ಗೋಜಲಾಯಿತು. ಹೆಂಡತಿ ರಸ್ತೆ ನೋಡುತ್ತಿದ್ದಳು.

"ಡಾಕ್ಟ್ರಿಗೇ ಸರಿಯಾಗಿ ಗೊತ್ತಿಲ್ಲ ಬಿಡು," ಎಂದೆ.

"ಗೊತ್ತಿಲ್ಲ ಅಂತ ಅವರು ಬಾಯ್ಬಿಟ್ಟು ಹೇಳಿದ್ರು. ನೀವು ಒಂದ್ ದಿನಾನಾದ್ರೂ ಹೇಳಿದ್ರಾ?"

ನನಗೆ ನಾಚಿಕೆಯಾಯಿತು. ಕ್ಷಮಿಸು ಎನ್ನಲು ಹೊರಟವನು, ಯಾವುದಕ್ಕೆ ಎಂದು ಅವಳು ಕೇಳಿದರೆ ಏನು ಹೇಳುವುದೆಂದು ತೋಚದೆ, "ಬೇಜಾರಾಯ್ತಾ?" ಎಂದು ಪೆದ್ದನ ಹಾಗೆ ಕೇಳಿದೆ.

"ಬೇಜಾರಲ್ಲ ರೀ," ಅಂದಳು. "ನನ್ನ ಅಡುಗೆಯಿಂದಲೇ ನಿಮಗೆ ಹೀಗಾಯ್ತು ಅಂತ ನಾನೂ ನಂಬಿಬಿಟ್ಟಿದ್ದೆ. ಮಗಳಿಗೆ ತುತ್ತು ಕೊಡೋ ಮುಂಚೆ ಪ್ರತಿ ಸಲ ಅವಳ ಮೊಣಕೈ ತಿರುಗಿಸಿ ನೋಡ್ತಿದ್ದೆ, ಕಲೆ ಎದ್ದಿದೆಯಾ ಅಂತ."