ಅಳಿಸತಕ್ಕ ಹಸುಗಳು

ಕಡೂರಿನ ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿ ಸ್ವಯಂನಿವೃತ್ತಿ ಪಡೆದ ಮೇಲೆ, ಅಜ್ಜಂಪುರದಲ್ಲಿ ನಾಟಿ ಹಸು ಸಾಕುವವರ ಸಂಘವೊಂದರ ಕಂಪ್ಯೂಟರನ್ನು ಓರಣಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅದರೊಳಗೆ ‘ಹೊಸದು’, ‘ಹೊಸದು ಹಳೇದು’, ‘ಇದೇ ಕೊನೇದು’ ಎಂಬ ಫೋಲ್ಡರುಗಳಿದ್ದವು. ಲಸಿಕೆ ಚೀಟಿಗಳ ನಡುವೆ ಕಾರ್ಯದರ್ಶಿಗಳ ಮೊಮ್ಮಗಳ ನಾಮಕರಣದ ಚಿತ್ರಗಳೂ ಇದ್ದವು.

ಒಂದು ತಿಂಗಳು ಕುಳಿತು ಸಮಸ್ತವನ್ನೂ ಮೂರು ವರ್ಗಗಳಾಗಿ ವಿಂಗಡಿಸಿದೆ: ಶಾಶ್ವತ, ಐದು ವರ್ಷ ಇಡತಕ್ಕದ್ದು, ಅಳಿಸತಕ್ಕದ್ದು. ಪ್ರತಿ ಹಸುವಿನ ಕಡತಕ್ಕೂ ಅದರ ಕಿವಿಯೋಲೆಯ, ಅಂದರೆ ಕಿವಿಗೆ ಚುಚ್ಚಿದ ಗುರುತಿನ ಬಿಲ್ಲೆಯ, ಸಂಖ್ಯೆಯನ್ನೇ ಹೆಸರಾಗಿ ಕೊಟ್ಟೆ. ಸತ್ತ ಹಸುಗಳು ಮೂರನೆಯ ವರ್ಗಕ್ಕೆ ಸೇರಿದವು. ಸೋಮವಾರ ಅವನ್ನು ಅಳಿಸುವುದೆಂದು ನಿಶ್ಚಯವಾಗಿತ್ತು.

ಶನಿವಾರ ಬೆಳಿಗ್ಗೆ ಎಮ್ಮೆದೊಡ್ಡಿ ಕಡೆಯ ರೈತ ಮಹಿಳೆಯೊಬ್ಬರು ಬಂದರು. ತಮ್ಮ ಕಡಸಿಗಾಗಿ ತರೀಕೆರೆಯಲ್ಲಿ ಒಂದು ಹೋರಿಯನ್ನು ಮೆಚ್ಚಿದ್ದರು. ಮಧ್ಯಾಹ್ನ ಹೋಗಿ ಮಾತು ಮುಗಿಸಬೇಕಿತ್ತು. ಆದರೆ ಅದು ಕಡಸಿನ ರಕ್ತಸಂಬಂಧಿಯಾಗಿದ್ದರೆ ಹುಟ್ಟುವ ಕರುವಿನ ತಳಿ ಕೆಡುತ್ತದೆ.

“ಎರಡರ ಅಜ್ಜೀನೂ ಯಾರು ಅಂತ ಹೇಳ್ಬಿಡಿ ಮೇಷ್ಟ್ರೇ, ಬಸ್ಸಿಗೆ ಹೋಗ್ತೀನಿ.”

ಸಂಖ್ಯೆ ಒತ್ತಿದೆ. ಹೋರಿ ಬಂತು, ತಾಯಿ ಬಂತು, ಅಜ್ಜಿ ಬರಲಿಲ್ಲ.

“ಸತ್ತಿರಬೇಕು. ಅಳಿಸತಕ್ಕ ವರ್ಗದಲ್ಲಿದೆ,” ಎಂದೆ.

ಆಕೆ ಪಕ್ಕದ ಮೇಜಿನಲ್ಲಿದ್ದ ಕಾರ್ಯದರ್ಶಿಗಳ ಕಡೆ ತಿರುಗಿದರು. “ಏನಪ್ಪಾ, ನಿಮ್ಮ ಮಗನಿಗೆ ಹೆಣ್ಣು ತರೋವಾಗ ವಂಶ, ಬೆಡಗು ಕೇಳಿದ್ರಲ್ಲ, ಒಂದೇ ಬೆಡಗು ಆಗ್ಬಾರ್ದು ಅಂತ. ಸತ್ತೋರನ್ನ ಬಿಟ್ಟು ಕೇಳಿದ್ರಾ?”

“ತಾತ ಮುತ್ತಾತನ ತನಕ ಹೋಗಿದ್ವಿ ಕಣಮ್ಮ,” ಎಂದು ಕಾರ್ಯದರ್ಶಿಗಳು ನಕ್ಕರು. “ಮೇಷ್ಟ್ರು ಮದುವೆ ಊಟಕ್ಕೆ ಮಾತ್ರ ಹೋಗಿರ್ಬೇಕು, ಮಾತುಕತೆಗೆ ಕರೆದಿಲ್ಲ ಯಾರೂ.”

ಪುಣ್ಯಕ್ಕೆ ಸೋಮವಾರ ಇನ್ನೂ ಬಂದಿರಲಿಲ್ಲ. ಮೂರನೆಯ ವರ್ಗವನ್ನು ತೆರೆದು, ಹೋರಿಯ ಅಜ್ಜಿಯನ್ನೂ ಕಡಸಿನ ಅಜ್ಜಿಯನ್ನೂ ಹುಡುಕಿದೆ. ಎರಡೂ ಒಂದೇ ಹಸು.

“ಅಯ್ಯೋ, ಅಕ್ಕತಂಗೀರ ಮಕ್ಳು ಕಣ್ರೀ! ಅಣ್ಣ ತಂಗಿ ಆದ್ರಲ್ಲ!” ಎಂದು ಆಕೆ ಕುರ್ಚಿಗೆ ಒರಗಿದರು. “ಎಂಥಾ ಕೊಂಬಿತ್ತು ಆ ಹೋರಿಗೆ! ಹೋಯ್ತು ಬಿಡಿ.”

ಬರಿಗೈಯಲ್ಲಿ ಅವರನ್ನು ಕಳಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಸತ್ತ ಹಸುಗಳನ್ನೆಲ್ಲ ಶಾಶ್ವತ ವರ್ಗಕ್ಕೆ ಒಯ್ದು, ಒಂದೊಂದು ಮೂಲತಾಯಿಗೆ ಒಂದೊಂದು ಫೋಲ್ಡರು ಮಾಡಿ, ಮಕ್ಕಳು ಮೊಮ್ಮಕ್ಕಳನ್ನು ಅದರೊಳಗೇ ಇಡುತ್ತಾ ಹೋದೆ. ಯಾವ ಹಸು ಯಾರ ಮಗಳೆಂದು ಆಕೆ ಪಕ್ಕದಲ್ಲಿ ಕುಳಿತು ನನಗಿಂತ ಬೇಗ ಹೇಳುತ್ತಿದ್ದರು. ಮಧ್ಯಾಹ್ನದ ಬಸ್ಸು ತಪ್ಪಿತು. ಕಾರ್ಯದರ್ಶಿಗಳು ಮಂಡಕ್ಕಿ ತರಿಸಿದರು. ಸಂಜೆಯ ಹೊತ್ತಿಗೆ ಸಖರಾಯಪಟ್ಟಣದ ಹೋರಿಯೊಂದು ಸಿಕ್ಕಿತು. ಅದಿದ್ದ ಫೋಲ್ಡರಿನಲ್ಲಿ ಈ ಕಡಸಿನ ಬಂಧುಗಳು ಒಬ್ಬರೂ ಇರಲಿಲ್ಲ.

ಕಳೆದ ತಿಂಗಳು ಆಕೆಯ ಫೋನು ಬಂತು.

“ಬರ್ಕೊಳಿ ಮೇಷ್ಟ್ರೇ, ಹೆಣ್ಗರು. ಮುತ್ತಜ್ಜಿ ಮನೇಲೇ ಇಡಿ.”

ಸತ್ತು ವರ್ಷಗಳಾದ ಆ ಹಸುವಿನ ಫೋಲ್ಡರನ್ನು ತೆರೆದು ಕರುವನ್ನು ಒಳಗಿಟ್ಟೆ. ಕಿವಿಯೋಲೆಯ ಸಂಖ್ಯೆ ಇನ್ನೂ ಬಂದಿಲ್ಲ.