ರಾಟೆಯ ಮುಂದೆ ತೂಗಿದ ನನ್ನ ಟ್ಯಾಗು

"ಮೇಷ್ಟ್ರೇ, ಮೊದ್ಲು ಕೊರಳಲ್ಲಿರೋದು ತೆಗೀರಿ!" ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸಕ್ಕಿರುವ ಮುನಿಯಮ್ಮ ಗದರಿದರು. ತಿರುಗುವ ರಾಟೆಯ ಮುಂದೆ ಬಾಗಿ ನಾನು ನನ್ನ ವಿದ್ಯಾರ್ಥಿನಿಯರಿಗೆ ಕೆಲಸದ ಸ್ಥಳದ ಸುರಕ್ಷತೆ ಬೋಧಿಸುತ್ತಿದ್ದೆ. ಕಾಲೇಜಿನ ಗುರುತಿನ ಚೀಟಿಯ ಟ್ಯಾಗು ರಾಟೆಯಿಂದ ಗೇಣು ದೂರದಲ್ಲಿ ತೂಗಾಡುತ್ತಿತ್ತು.

ಆಕೆ ಹುಡುಗಿಯರಿಗೆ ತಮ್ಮ ಕೈ ತೋರಿಸಿದರು. "ಬಳೆ ತೆಗ್ಯಂಗಿಲ್ಲ ಕಣಮ್ಮ, ಅದ್ಕೇ ಮೇಲೆ ಬಟ್ಟೆ ಸುತ್ಕೊಂಡಿದೀನಿ. ರಾಟೆ ಹಿಡ್ಕೊಂಡ್ರೆ ಬಿಡಲ್ಲ." ಮರುಕ್ಷಣ ಎಲ್ಲರೂ ದುಪಟ್ಟಾ ಬಿಗಿದು ಕಟ್ಟಿಕೊಂಡರು. ಇಡೀ ಸೆಮಿಸ್ಟರ್ ಬಾಯಿ ನೋಯುವಂತೆ ಇದನ್ನೇ ಹೇಳಿದವನು ನಾನು. ಹೊಟ್ಟೆ ಉರಿದುಹೋಯಿತು.

ಪರೀಕ್ಷೆಯಲ್ಲಿ ಯಂತ್ರದ ಬಳಿ ವಹಿಸಬೇಕಾದ ಎಚ್ಚರಿಕೆ ಕೇಳಿದ್ದೆ. ಎಲ್ಲರೂ ಮುನಿಯಮ್ಮನ ಪಾಠವನ್ನೇ ಬರೆದಿದ್ದರು, ನನ್ನ ಟ್ಯಾಗಿನ ಉದಾಹರಣೆ ಸಮೇತ. ಪೂರ್ತಿ ಅಂಕ ಕೊಡಲು ಕೈ ಬರಲಿಲ್ಲ. ಕಳೆಯಲು ಕಾರಣವೂ ಸಿಗಲಿಲ್ಲ.