ಅಜ್ಜಿ ಇರುಳಿಗರ ತಾಯಿಗೆ ಅಡ್ಡಬಿದ್ದ ಬೇಸಿಗೆ

ಸೋಂಪುರದ ಫ್ಯಾಕ್ಟರಿಗಳು ನಮ್ಮೂರಿನ ಹೊಲಗಳತ್ತ ಇನ್ನೂ ಬಂದಿರದ ದಿನಗಳು ಅವು. ಬೇಸಿಗೆ ರಜೆ ಬಂತೆಂದರೆ ನಾವು ಹುಡುಗಿಯರು ಬೆಳಗೆಲ್ಲ ಕುಂಟೆಬಿಲ್ಲೆ ಆಡಿ, ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಿಂದು, ಹಲ್ಲು ಜುಮ್ಮೆನ್ನಿಸಿಕೊಂಡು ಮನೆ ಸೇರುತ್ತಿದ್ದೆವು. ಆಗ ನನಗೆ ಒಂಬತ್ತು ವರ್ಷ.

ನಮ್ಮ ಹಿತ್ತಲಲ್ಲಿ ನೀರಿನ ತೊಟ್ಟಿಯ ಪಕ್ಕ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಕರಿಕಲ್ಲು, ಒಂದಾಳುದ್ದ, ನಡುವೆ ತುಸು ಉಬ್ಬು. ಸೋಪಿನ ನೊರೆ ಜಾರುವಾಗ ನಾನು ಅದರ ಮೇಲೆ ನಿಂತು ಕುಣಿಯುತ್ತಿದ್ದೆ.

ವಾರಕ್ಕೊಮ್ಮೆ ಬೆಟ್ಟದ ಬುಡದಲ್ಲಿದ್ದ ಇರುಳಿಗರೆಂಬ ಕಾಡುಜನರ ಕಾಲೋನಿಯಿಂದ ಮಾದಮ್ಮ ಬರುತ್ತಿದ್ದಳು. ಅಜ್ಜಿಯ ವಯಸ್ಸಿನವಳು. ಬೆರಕೆ ಸೊಪ್ಪು ತರುತ್ತಿದ್ದಳು, ಒಮ್ಮೊಮ್ಮೆ ಮುತ್ತುಗದೆಲೆಯಲ್ಲಿ ಸುತ್ತಿದ ಜೇನುಹಟ್ಟಿ. ಅವಳ ಸೊಪ್ಪಿನ ಬಸ್ಸಾರು ಕುದಿಯುವ ದಿನ ನಾನು ಎರಡು ಮುದ್ದೆ ಉಣ್ಣುತ್ತಿದ್ದೆ. ಆದರೆ ಅವಳು ಮುಂಬಾಗಿಲಿಗೆ ಬಂದದ್ದನ್ನು ನಾನು ನೋಡಿಲ್ಲ. ಹಿತ್ತಲಿನಿಂದ ಬಂದು, ಅಜ್ಜಿ ಮೊರದಲ್ಲಿ ಕೊಟ್ಟ ರಾಗಿಯನ್ನು ಮಡಿಲಿಗೆ ಸುರಿದುಕೊಂಡು ಹಿತ್ತಲಿನಿಂದಲೇ ಹೋಗುತ್ತಿದ್ದಳು. ಹೋಗುವ ಮುಂಚೆ, ಅಜ್ಜಿ ಮೊರ ಹಿಡಿದು ಒಳಗೆ ಹೋದ ಮೇಲೆ, ಒಗೆಯುವ ಕಲ್ಲನ್ನು ಬಲಗೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಕುಡಿಯಲು ನೀರು ಸಿಕ್ಕಿದ್ದಕ್ಕೆ ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆ.

ಒಂದು ದಿನ ಆಟಕ್ಕೆಂದು ನಾನೂ ಹಾಗೆಯೇ ಮಾಡಿದೆ. ಅದೇನೆಂದು ಅಜ್ಜಿ ಕೇಳಿದಳು. ಮಾದಮ್ಮ ಯಾವಾಗಲೂ ಹೀಗೇ ಮಾಡುತ್ತಾಳಲ್ಲ ಎಂದೆ. ಸೀರೆ ಹಿಂಡುತ್ತಿದ್ದ ಅಜ್ಜಿಯ ಕೈ ನಿಂತಿತು. ಮಿಕ್ಕ ಬಟ್ಟೆಯನ್ನು ಬಕೆಟ್‌ನಲ್ಲೇ ಬಿಟ್ಟು ಒಳಗೆ ಹೋದವಳು ಸಂಜೆಯವರೆಗೂ ಊಟ ಮಾಡಲಿಲ್ಲ.

ಸಂಜೆ ಅಪ್ಪನ ಜೊತೆ ಅವಳ ಮಾತು ಜೋರಾಯಿತು. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಬೆಟ್ಟದ ಕಡೆಯ ನಮ್ಮ ಹೊಲ ಮೊದಲು ಇರುಳಿಗರಿದ್ದ ಜಾಗವಂತೆ. ಅಜ್ಜಿ ಮದುವೆಯಾಗಿ ಬಂದ ವರ್ಷ ತಾತ ಅವರ ಗುಡಿಸಲು ಕೀಳಿಸಿ ಉತ್ತಿದ್ದನಂತೆ. ಅಲ್ಲಿ ಅವರು ಪೂಜಿಸುತ್ತಿದ್ದ ತಾಯಿಕಲ್ಲನ್ನು ಎತ್ತು ಕಟ್ಟಿ ಎಳೆಸಿ ಹಿತ್ತಲಿಗೆ ಹಾಕಿಸಿದ್ದನಂತೆ.

"ಅದರ ಮೇಲಿದ್ದ ಕುಂಕುಮ ತೊಳೆದೋಳು ನಾನೇ ಕಣೋ," ಎಂದಳು ಅಜ್ಜಿ. "ಬರೀ ಕಲ್ಲು ಅಂದ್ರು, ತೊಳೆದ್ಬಿಟ್ಟೆ. ಬರೀ ಕಲ್ಲಲ್ಲ ಅಂತ ಆವತ್ತೂ ಗೊತ್ತಿತ್ತು."

ಕಲ್ಲನ್ನು ವಾಪಸ್ ಕೊಟ್ಟರೆ ನಾಳೆ ಹೊಲವನ್ನೂ ಕೇಳುತ್ತಾರೆ ಎಂದು ಅಪ್ಪ ರೇಗಿದ. ಕೇಳಲಿ ಎಂದಳು ಅಜ್ಜಿ.

ನನ್ನ ತಲೆ ಗೊಂದಲದ ಗೂಡಾಯಿತು. ಅಜ್ಜಿ ದಿನಾ ದೇವರಿಗೆ ದೀಪ ಹಚ್ಚುವವಳು, ಶನಿವಾರ ಒಪ್ಪತ್ತು ಇರುವವಳು. ಅವಳ ಮನೆಯಲ್ಲೇ ಒಬ್ಬ ದೇವಿ ನಮ್ಮ ಕೊಳೆಬಟ್ಟೆಯ ಕೆಳಗೆ ಮಲಗಿದ್ದಳೇ? ನಾನು ಕುಣಿದದ್ದು ಅವಳ ಮೇಲೆಯೇ? ಮೂರು ದಿನ ಹಿತ್ತಲಿಗೆ ಹೋಗಲಿಲ್ಲ.

ನಾಲ್ಕನೆಯ ದಿನ ಅಜ್ಜಿ ಕಲ್ಲನ್ನು ಹುಣಸೆಹಣ್ಣು ಹಚ್ಚಿ ಉಜ್ಜಿದಳು. ಅರಿಸಿನ ಬಳಿದು, ತನ್ನ ಹೊಸ ಸೀರೆಯನ್ನು ಹೊದಿಸಿ, ಟ್ರ್ಯಾಕ್ಟರಿಗೆ ಹೇರಿಸಿ ನನ್ನನ್ನೂ ಕೂರಿಸಿಕೊಂಡು ಕಾಲೋನಿಗೆ ಹೊರಟಳು. ಅಪ್ಪ ಬರಲಿಲ್ಲ.

ಟ್ರ್ಯಾಕ್ಟರ್ ಸದ್ದಿಗೆ ಎಲ್ಲರೂ ಹೊರಬಂದರು. ಕಲ್ಲು ಇಳಿಯಿತು. ಮಾದಮ್ಮ ಅದರ ಪಕ್ಕ ಬಂದು ನಿಂತಳು. ಅಜ್ಜಿ ಎಲ್ಲರೆದುರು ಮಣ್ಣಿನಲ್ಲಿ ಉದ್ದಕ್ಕೆ ಅಡ್ಡಬಿದ್ದಳು. ಅವಳು ಅಡ್ಡಬಿದ್ದದ್ದು ಕಲ್ಲಿಗೋ ಮಾದಮ್ಮನಿಗೋ ನನಗೆ ತಿಳಿಯಲಿಲ್ಲ. ನಾನೂ ಬೀಳಬೇಕೋ ಬೇಡವೋ ಎಂದು ಅರ್ಧ ಬಗ್ಗಿ ನಿಂತೆ.

"ತಪ್ಪಾಯ್ತು ಮಾದಮ್ಮ. ನಿಮ್ಮ ತಾಯಿನ ನಿಮಗೇ ಒಪ್ಪಿಸ್ತಾ ಇದೀನಿ," ಎಂದಳು ಅಜ್ಜಿ.

ಮಾದಮ್ಮ ಸೀರೆಯ ಅಂಚು ಸರಿಸಿ ಕಲ್ಲನ್ನು ಸವರಿದಳು. ಆಮೇಲೆ, "ತಂದ್ರಿ ಗೌಡ್ತಮ್ಮ. ಈಗ ಇವಳನ್ನ ಎಲ್ಲಿ ಕೂರಿಸ್ಲಿ? ಇವಳ ಜಾಗ ನಿಮ್ಮ ಹೊಲದಾಗೈತಲ್ಲ," ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಅರ್ಥವಾಗುತ್ತಿತ್ತು. ತಪ್ಪೊಪ್ಪಿಕೊಂಡರೆ ಮುಗಿಯಿತು ಎಂದು ಸ್ಕೂಲಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ಏನೂ ಮುಗಿದಂತೆ ಕಾಣಲಿಲ್ಲ.

ಅಜ್ಜಿ ಎದ್ದು ಮಣ್ಣು ಕೊಡವಿಕೊಳ್ಳದೆ ಟ್ರ್ಯಾಕ್ಟರ್ ತಿರುಗಿಸಲು ಹೇಳಿದಳು. ಮಾದಮ್ಮನನ್ನು ಕಲ್ಲಿನ ಪಕ್ಕ ಕೂರಿಸಿಕೊಂಡು ನೇರ ಹೊಲಕ್ಕೆ ಬಂದೆವು. ಮಾದಮ್ಮ ಉತ್ತ ನೆಲದಲ್ಲಿ ನಡೆದು, ನಿಂತು, ಕಣ್ಣುಮುಚ್ಚಿ, ಹೊಂಗೆಮರದ ಪಕ್ಕ ಕಾಲಿನಿಂದ ಗೆರೆ ಎಳೆದಳು. ಹಿಂದೆಯೇ ನಡೆದು ಬಂದ ಕಾಲೋನಿಯವರು ಅಲ್ಲಿಯೇ ಕಲ್ಲು ನೆಟ್ಟರು. ಟ್ರ್ಯಾಕ್ಟರ್ ಹೊಲಕ್ಕೆ ತಿರುಗಿದ್ದು ಕಂಡು ಬಂದ ಅಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಕೊನೆಗೆ ಚಪ್ಪಲಿ ಬಿಟ್ಟ.

ಪೂಜೆಯಾದ ಮೇಲೆ ಮಾದಮ್ಮ ಜೇನು ಕಲಸಿದ ರಾಗಿಹಿಟ್ಟಿನ ಉಂಡೆಯನ್ನು ಅಜ್ಜಿಯ ಅಂಗೈಗೆ ಹಾಕಿದಳು. ಅವರ ಕೈಯಿಂದ ಒಂದು ಲೋಟ ನೀರನ್ನೂ ಕುಡಿಯದಿದ್ದ ಅಜ್ಜಿ ಅಲ್ಲೇ ನಿಂತು ತಿಂದಳು. ನಮ್ಮ ಹೊಲದಲ್ಲಿ ನಾವೇ ನೆಂಟರ ಹಾಗೆ ಕೈಯೊಡ್ಡಿ ನಿಂತದ್ದು ನನಗೆ ವಿಚಿತ್ರವಾಗಿ ಕಂಡಿತು. ಕಾಲೋನಿಯವರು ವರ್ಷಕ್ಕೊಮ್ಮೆ ಪೂಜೆಗೆ ಅಲ್ಲಿಗೆ ಬರುವುದೆಂದಾಯಿತು.

ಮನೆಗೆ ನಡೆಯುವಾಗ, ತಾಯಿ ಕ್ಷಮಿಸಿದಳಾ ಎಂದು ಅಜ್ಜಿಯನ್ನು ಕೇಳಿದೆ.

"ಗೊತ್ತಿಲ್ಲ ಮಗ. ಮಾದಮ್ಮನ್ನ ಕೇಳೋಕೆ ಬಾಯಿ ಬರ್ಲಿಲ್ಲ."

ಅಜ್ಜಿ ಹೋದಳು, ಮಾದಮ್ಮನೂ ಹೋದಳು. ಎರಡು ವರ್ಷದ ಹಿಂದೆ ಆ ಹೊಲವನ್ನು ಗೋಡೌನಿನವರಿಗೆ ಮಾರಿದೆವು. ಮಗಳೆಂದು ನನ್ನ ಸೈನೂ ಬೇಕಿತ್ತು. ಹೊಂಗೆಮರದ ಮೂಲೆಯೂನಾ ಎಂದು ಕೇಳಿದೆ. ಅದೂ ಸೇರಿ ಎಂದರು. ಸೈನ್ ಹಾಕಿದೆ. ಯಾಕೆ ಹಾಕಿದೆ ಎಂದು ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಹೋದ ತಿಂಗಳು ಬಸ್‌ಸ್ಟಾಪಿನಲ್ಲಿ ಮಾದಮ್ಮನ ಮೊಮ್ಮಗಳು ಲಕ್ಷ್ಮಿ ಸಿಕ್ಕಳು. ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು. ಅವಳೇ ಗುರುತಿಸಿ ಮಾತಾಡಿಸಿದಳು. ಕಾಂಪೌಂಡ್ ಏಳುವ ಮುಂಚೆ ಕಾಲೋನಿಯವರೇ ಬಂದು ಕಲ್ಲನ್ನು ಹೊತ್ತೊಯ್ದರಂತೆ. ಈಗ ಲಕ್ಷ್ಮಿಯ ಮನೆ ಹಿಂದೆ ಶೀಟಿನ ಕೆಳಗೆ ಇಟ್ಟಿದ್ದಾರಂತೆ.

"ಒಂದ್ಸಲ ಬನ್ನಿ ಅಕ್ಕ," ಎಂದಳು. ಬರ್ತೀನಿ ಎಂದೆ. ಬಸ್ಸು ಬಂತು, ಅವಳು ಹತ್ತಿಹೋದಳು.

ನಾನು ಇನ್ನೂ ಹೋಗಿಲ್ಲ. ಅಜ್ಜಿ ತಪ್ಪಾಯ್ತು ಎಂದಾಗ ತಾಯಿಯನ್ನು ಮರಳಿ ಕೂರಿಸಲು ಅವಳ ಹತ್ತಿರ ಹೊಲವಿತ್ತು. ನನ್ನ ಹತ್ತಿರ ಆ ನೆಲವಿಲ್ಲ. ಬರಿಗೈಯಲ್ಲಿ ಹೋಗಿ ಅಡ್ಡಬಿದ್ದರೆ ಅದನ್ನು ಏನೆಂದು ಕರೆಯುತ್ತಾರೋ, ತಿಳಿಯುತ್ತಿಲ್ಲ.